ವಿನೋಬನಗರದ ಕೋಳಿ, ಭದ್ರಾವತಿಯ ಮದ್ದು

ನಮ್ಮ ಕೆಂಪಿಯ ಜುಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದದ್ದನ್ನು ಮೊದಲು ನೋಡಿದವಳು ಮೊಮ್ಮಗಳು. ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಒಡ್ಡಿಯ ಬಾಗಿಲು ತೆಗೆಯಲು ಹೋದವಳು, "ಅಜ್ಜೀ, ಕೆಂಪಿಗೆ ಮೊಡವೆ ಬಂದಿದೆ!" ಎಂದು ಕೂಗಿದಳು. ಎರಡು ದಿನದಲ್ಲಿ ಆ ಗುಳ್ಳೆ ಹೆಸರು ಕಾಳಿನಷ್ಟಾಗಿ, ಕಣ್ಣಿನ ರೆಪ್ಪೆಗೂ ಇಳಿದು, ಮೇಲೆ ಕಪ್ಪಗೆ ಹಕ್ಕಳೆ ಕಟ್ಟಿತು. ಮೊಡವೆ ಅಲ್ಲ ಎಂದು ನನಗೂ ಗೊತ್ತಾಯಿತು.

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ. ಹಿತ್ತಲು ದೊಡ್ಡದೇನಲ್ಲ. ಒಂದು ತೆಂಗು, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಹಳೇ ಮಂಚದ ಹಲಗೆ ಬಡಿದು ಮಾಡಿದ ಕೋಳಿ ಒಡ್ಡಿ. ಅದರಲ್ಲಿ ಒಂಬತ್ತು ಕೋಳಿ. ಏಳು ನಾಟಿ, ಎರಡು ಗಿರಿರಾಜ. ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲಲ್ಲಿ ಸಾಕುವವರಿಗೆಂದೇ ರೂಪಿಸಿದ ತಳಿ. ಕೆಂಪಿ ಮಾತ್ರ ಅಪ್ಪಟ ನಾಟಿ. ಮಗಳು ಹೋದ ವರ್ಷ ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದಾಗ ಈ ಹುಡುಗಿ ಸೈಕಲ್ ಬೇಡ, ಕೋಳಿ ಬೇಕು ಅಂದಿದ್ದಳು. ಆಗ ಬಂದ ಹ್ಯಾಟೆಯೇ ಕೆಂಪಿ.

ಸಲಹೆ ಬರತೊಡಗಿತು. ಬಲಗಡೆ ಮನೆಯವರು ಅರಿಶಿನ, ಬೇವಿನ ಸೊಪ್ಪು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ ಅಂದರು. ಎಡಗಡೆ ಮನೆಯವರು ಎಣ್ಣೆ ಮುಟ್ಟಿಸಲೇಬಾರದು, ಹಕ್ಕಳೆ ಕಿತ್ತು ಸುಣ್ಣ ಹಚ್ಚಬೇಕು ಅಂದರು. ಎದುರು ಮನೆಯ ಅಜ್ಜನ ಪ್ರಕಾರ ಅದು ದೃಷ್ಟಿ. ಹಾಲಿನವನು ಕುಡಿಯುವ ನೀರಿಗೆ ಹುಳಿ ಮಜ್ಜಿಗೆ ಬೆರೆಸಿ ಅಂದ. ಕಿರಾಣಿ ಅಂಗಡಿಯವರು ಮಜ್ಜಿಗೆ ಹಾಕಿದರೆ ಭೇದಿ ಹತ್ತಿ ಸಾಯುತ್ತದೆ ಅಂದರು. ಬೇರೆ ಇಡಿ ಅಂದವರುಂಟು, ಒಂಟಿ ಮಾಡಿದರೆ ಕೊರಗಿ ಸಾಯುತ್ತದೆ ಅಂದವರೂ ಉಂಟು. ಮೊಮ್ಮಗಳು ಹಳೇ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ "ಮಾಡಿ", ಇನ್ನೊಂದು ಕಡೆ "ಮಾಡಬೇಡಿ" ಎಂದು ಬರೆದುಕೊಳ್ಳುತ್ತಾ ಹೋದಳು. ರಾತ್ರಿ ಅದನ್ನು ನನ್ನ ಮುಂದೆ ಹಿಡಿದು, "ಅಜ್ಜಿ, ಮಜ್ಜಿಗೆ ಎರಡೂ ಕಡೆ ಇದೆ" ಅಂದಳು. ಬೇವಿನೆಣ್ಣೆ, ಬೆಳ್ಳುಳ್ಳಿ, ಒಲೆಯ ಬೂದಿ ಇವೂ ಎರಡೂ ಕಡೆ ಇದ್ದವು.

ಇಲ್ಲೊಂದು ಮಾತು ಒಪ್ಪಿಕೊಂಡುಬಿಡಬೇಕು. ಪಶುವೈದ್ಯರನ್ನು ತಯಾರು ಮಾಡುವ ಸರ್ಕಾರಿ ಕಾಲೇಜು ಒಂದು ನಮ್ಮ ವಿನೋಬನಗರದಲ್ಲೇ ಇದೆ. ದಿನಾ ಬೆಳಿಗ್ಗೆ ವಾಕಿಂಗ್‌ಗೆ ಅದರ ಮುಂದೆಯೇ ಹೋಗುತ್ತೇನೆ. ಆದರೂ ನಾನು ಸಲಹೆ ಕೇಳಲು ಹೋದದ್ದು ಹತ್ತಿರ ಹತ್ತಿರ 20 ಕಿ.ಮೀ. ದೂರದ ಭದ್ರಾವತಿಗೆ. ಕೋಳಿಗೋಸ್ಕರ ಡಾಕ್ಟರ ಹತ್ತಿರ ಹೋಗುವುದೇ ಎಂಬ ಸಂಕೋಚ. ಭದ್ರಾವತಿಯಲ್ಲಿ ನನ್ನ ಅಕ್ಕ ಇದ್ದಾಳೆ. ಎಪ್ಪತ್ತೆಂಟು ವರ್ಷ ಅವಳಿಗೆ. ಅದರಲ್ಲಿ ಅರವತ್ತು ವರ್ಷ ಕೋಳಿ ಸಾಕಿದ್ದಾಳೆ.

ಭಾನುವಾರ ಕೆಂಪಿಯನ್ನು ಮಂಕರಿಯಡಿ ಮುಚ್ಚಿಟ್ಟು, ನಾವಿಬ್ಬರೂ ಬಸ್ ಹತ್ತಿದೆವು. ಬೆಕ್ಕಿನ ಕಲ್ಮಠ ದಾಟಿ ಸೇತುವೆ ಮೇಲೆ ಬಂದಾಗ ತುಂಗೆ ಇನ್ನೂ ತುಂಬಿಕೊಂಡೇ ಹರಿಯುತ್ತಿದ್ದಳು. ಮೊಮ್ಮಗಳಿಗೆ ಈ ದಾರಿ ಇಷ್ಟ. ಒಂದು ನದಿಯ ಊರಲ್ಲಿ ಹತ್ತಿ ಇನ್ನೊಂದು ನದಿಯ ಊರಲ್ಲಿ ಇಳಿಯುತ್ತೇವೆ, ಮುಂದೆ ಕೂಡಲಿಯಲ್ಲಿ ಆ ಎರಡೂ ನದಿಗಳು ನಮಗೆ ಹೇಳದೆ ಸೇರಿಕೊಳ್ಳುತ್ತವೆ ಎಂದು ಅವಳ ತಕರಾರು.

ಮಲವಗೊಪ್ಪ ದಾಟುವಷ್ಟರಲ್ಲಿ ನಮ್ಮ ಕೋಳಿಯ ಸುದ್ದಿ ಬಸ್ಸಿನ ಅರ್ಧ ಜನಕ್ಕೆ ಗೊತ್ತಾಗಿತ್ತು. ಮುಂದಿನ ಸೀಟಿನ ತೋಟದ ಯಜಮಾನರು ತಿರುಗಿ, "ಎಲ್ಲದಕ್ಕೂ ಹೊಟ್ಟೆಯ ಹುಳವೇ ಕಾರಣ ಕಣಮ್ಮ. ಹಸಿ ಅಡಿಕೆ ಜಜ್ಜಿ ತಿನ್ಸಿ" ಅಂದರು. ಅವರ ಮಾತು ಪೂರ್ತಿ ಗಾಳಿಯದಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳ ಬೀಳಿಸಲು ಪಶುವೈದ್ಯರೇ ಕೊಡುತ್ತಿದ್ದರಂತೆ. ಹೆಚ್ಚಾದರೆ ಅದೇ ವಿಷ. "ಎಷ್ಟು ಅಡಿಕೆ ತಾತ?" ಎಂದು ಮೊಮ್ಮಗಳು ಪೆನ್ಸಿಲ್ ಹಿಡಿದು ಕೇಳಿದಾಗ ಅವರು, "ಒಂದು ಅಂದಾಜಿಗೆ" ಅಂದರು. ಕೆಂಪಿಯ ತೂಕ ಒಂದೂವರೆ ಕೆ.ಜಿ. ಇಲ್ಲ.

ಸೊಪ್ಪಿನ ಗಂಟು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಒಣಮೆಣಸಿನಕಾಯಿ ಬೀಜ ತಿನ್ನಿಸಿ, ಖಾರಕ್ಕೆ ಮೈ ಬಿಸಿಯಾಗಿ ಕಾಯಿಲೆ ಓಡುತ್ತದೆ ಅಂದಳು. ಮಕ್ಕಳೇ, ಇದನ್ನು ನಾವು ಆಮೇಲೆ ಪರೀಕ್ಷೆ ಮಾಡಿದೆವು. ಕೋಳಿಗಳು ಮೆಣಸಿನ ಬೀಜವನ್ನು ಅಕ್ಕಿ ನುಚ್ಚು ತಿಂದ ಹಾಗೆ ತಿಂದವು. ಕಣ್ಣಲ್ಲಿ ನೀರಿಲ್ಲ, ಕೆಮ್ಮಿಲ್ಲ. ನಮ್ಮ ಬಾಯಿಯನ್ನು ಸುಡುವ ಆ ಖಾರ ಹಕ್ಕಿಗಳಿಗೆ ತಟ್ಟುವುದೇ ಇಲ್ಲ. ಕಾಡಿನ ಮೆಣಸಿನ ಗಿಡಕ್ಕೆ ಅದೇ ಬೇಕು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ಒಯ್ದು ಹಾಕುತ್ತವೆ.

ಮಾಚೇನಹಳ್ಳಿಯ ಹಾಲಿನ ಡೇರಿ, ಕಡದಕಟ್ಟೆ ದಾಟಿ ಭದ್ರಾವತಿ ಬಂತು. ಹಿಂದೆ ಬೆಂಕಿಪುರ ಎನ್ನುತ್ತಿದ್ದ ಊರಿದು. 1918ರಲ್ಲಿ ಮೈಸೂರು ಸರ್ಕಾರ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಹಿಡಿಯಿತು. 1923ರಲ್ಲಿ ಕುಲುಮೆ ಹೊತ್ತಿತು. ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. ನನ್ನ ಭಾವ ಅಲ್ಲೇ ದುಡಿದು ನಿವೃತ್ತರಾದವರು. ನಾನು ಚಿಕ್ಕವಳಿದ್ದಾಗ ಅಕ್ಕನ ಮನೆಗೆ ಬಂದರೆ ಕಾರ್ಖಾನೆಯ ಸೈರನ್ನಿಗೆ ಊಟ, ಸೈರನ್ನಿಗೆ ನಿದ್ದೆ. ಕಾಗದದ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಒಂದು ಕೊಳೆತ ವಾಸನೆ. ಈಗ ಕಾಗದದ ಕಾರ್ಖಾನೆ ನಿಂತಿದೆ. ವಾಸನೆ ಹೋದದ್ದಕ್ಕೆ ಸಂತೋಷಪಡುವವರು ಊರಲ್ಲಿ ಯಾರೂ ಸಿಗಲಿಲ್ಲ.

ಅಕ್ಕನ ಮನೆ ಹಳೇನಗರದಲ್ಲಿ, ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ. ಹೊಯ್ಸಳರ ಕಾಲದ ಮೂರು ಗರ್ಭಗುಡಿಯ ದೇವಸ್ಥಾನ ಅದು. ಮೊದಲು ಅಲ್ಲಿ ಕೈ ಮುಗಿದು ಬಾ ಎಂಬುದು ಅಕ್ಕನ ಕಾಯಂ ಕಟ್ಟಳೆ. ಮುಗಿದು ಬಂದೆವು.

ಅವಳ ಹಿತ್ತಲೇ ಒಂದು ಔಷಧಿ ಅಂಗಡಿ. ಮೊಟ್ಟೆ ಇಡುವ ಬುಟ್ಟಿಯಲ್ಲಿ ಹುಲ್ಲಿನ ಕೆಳಗೆ ಲಕ್ಕಿ ಸೊಪ್ಪು ಹಾಸಿರುತ್ತಾಳೆ, ಹೇನು ಬರದ ಹಾಗೆ. ಮೂಲೆಯಲ್ಲಿ ಒಲೆಯ ಬೂದಿ, ಮರಳು ಸೇರಿಸಿದ ಗುಂಡಿ. ಅದರಲ್ಲಿ ಕೋಳಿಗಳು ಮಗ್ಗುಲಾಗಿ ಮಲಗಿ ರೆಕ್ಕೆಯೊಳಗೆಲ್ಲಾ ಧೂಳು ತುಂಬಿಕೊಂಡು ಒದ್ದಾಡುತ್ತವೆ. ನೀರಿನ ಮಡಕೆಯಲ್ಲಿ ತುಕ್ಕು ಹಿಡಿದ ಮೊಳೆ, "ರಕ್ತಕ್ಕೆ ಒಳ್ಳೇದು" ಅಂತ. ಕಾವಿಗೆ ಕೂರಿಸುವಾಗ ಮೊಟ್ಟೆ ಒಂಬತ್ತೋ ಹನ್ನೊಂದೋ ಇರಬೇಕು, ಸರಿಸಂಖ್ಯೆ ಆಗಬಾರದು. ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರಿರಬೇಕು, ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೆಡುತ್ತದೆ. ಬೇರೆ ಊರಲ್ಲಿ ಮೊಳೆಯೋ ಕತ್ತಿಯ ತುಂಡೋ ಇಡುತ್ತಾರೆ. ಇದು ಭದ್ರಾವತಿ ನೋಡಿ, ಭಾವ ಇಟ್ಟಿದ್ದು ಅಂಗೈ ಅಗಲದ ಬೋಲ್ಟು. "ಅಸಲಿ ನಮ್ಮೂರಿನ ಕಬ್ಬಿಣ" ಎಂದು ಮೊಮ್ಮಗಳ ಕೈಗೆ ಕೊಟ್ಟು ತೂಕ ನೋಡಿಸಿದರು.

ಕೆಂಪಿಯ ಸಂಗತಿ ಕೇಳಿ ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಅಯ್ಯೋ, ಅದು ಸಿಡುಬು ಕಣೇ. ಅರಿಶಿನ, ಬೇವು, ಎರಡೆಸಳು ಬೆಳ್ಳುಳ್ಳಿ ಅರೆದು ಹಚ್ಚು. ಹಕ್ಕಳೆ ಕೀಳಬೇಡ. ಹದಿನೈದು ದಿನಕ್ಕೆ ಉದುರದಿದ್ರೆ ನನ್ನನ್ನ ಅಕ್ಕ ಅನ್ಬೇಡ."

ಹದಿನಾರನೇ ದಿನ ಬೆಳಿಗ್ಗೆ ಹಕ್ಕಳೆ ಉದುರಿತು. ಕೆಂಪಿಯ ಜುಟ್ಟು ಮತ್ತೆ ದಾಸವಾಳದ ಹಾಗೆ ಕೆಂಪಾಯಿತು. ನಮ್ಮ ಬೀದಿಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಕೋಳಿಗೆ ಕೆಮ್ಮು ಅಂತ ಬಂದವರಿಗೂ ಅರಿಶಿನ, ಕಾಲು ಕುಂಟುತ್ತದೆ ಅಂತ ಬಂದವರಿಗೂ ಅರಿಶಿನ ಹೇಳಿ ಕಳಿಸುತ್ತಿದ್ದೆ. ಮೊಮ್ಮಗಳು "ಮಾಡಿ" ಎಂಬ ಪಟ್ಟಿಯಲ್ಲಿ ಅರಿಶಿನದ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಎಳೆದಳು.

ಸಿಹಿ ಸುದ್ದಿ ಹೇಳಲು ಮತ್ತೆ ಭದ್ರಾವತಿಗೆ ಹೋದೆವು. ಆ ದಿನ ಅಕ್ಕ ಸೌದೆ ಕೊಟ್ಟಿಗೆಯಲ್ಲಿ ಒಂದು ಹೇಂಟೆಯನ್ನು ಹನ್ನೊಂದು ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದಳು. ಬೋಲ್ಟು ಬುಟ್ಟಿಯೊಳಗಿತ್ತು. ತಂಗಿಯನ್ನು ಬರಿಗೈಲಿ ಕಳಿಸುವವಳಲ್ಲ ಅವಳು. ಹಿಂದಿನ ದಿನ ಸಂತೆಯಿಂದ ತರಿಸಿದ್ದ ನಾಲ್ಕು ಹ್ಯಾಟೆಗಳಲ್ಲಿ ಎರಡನ್ನು ಕಾಲು ಕಟ್ಟಿ ಚೀಲದಲ್ಲಿ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಕಂಡಕ್ಟರ್, "ಅಜ್ಜಿ, ಕೋಳಿಗೂ ಟಿಕೆಟ್ ತಗೋಬೇಕು" ಎಂದು ತಮಾಷೆ ಮಾಡಿದ. "ಹಾಗಾದ್ರೆ ಅವಕ್ಕೆ ಕಿಟಕಿ ಸೀಟು ಕೊಡಿ" ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು. ಮನೆಗೆ ಬಂದವಳೇ ಕಾಲು ಬಿಚ್ಚಿ ಹೊಸ ಹ್ಯಾಟೆಗಳನ್ನು ನಮ್ಮ ಕೋಳಿಗಳ ಜೊತೆ ಬಿಟ್ಟೆ.

ಆರನೇ ದಿನ ಹೊಸ ಹ್ಯಾಟೆಯೊಂದು ಗರಿ ಕೆದರಿಕೊಂಡು ಮೂಲೆ ಸೇರಿತು. ಬಾಯಿ ತೆರೆದು ಉಸಿರಾಡುತ್ತಿತ್ತು. ಹಿಕ್ಕೆ ಹಸಿರು ನೀರಿನ ಹಾಗೆ. ನಾನು ಅರಿಶಿನ ಕೊಟ್ಟೆ, ಬೆಳ್ಳುಳ್ಳಿ ಕೊಟ್ಟೆ, ಕಾಳುಮೆಣಸು ಅರೆದು ಕುಡಿಸಿದೆ. ಮರುದಿನ ಅದರ ಕತ್ತು ತಿರುಚಿಕೊಂಡಿತು. ನಿಂತಲ್ಲೇ ಸುತ್ತು ಹಾಕಿ ಬಿತ್ತು. ಅಷ್ಟರಲ್ಲಿ ಗಿರಿರಾಜಗಳೂ ಜೋಲು ಹಾಕಿದ್ದವು. ಬೀದಿಯವರೆಲ್ಲಾ ಮತ್ತೆ ಬಂದರು, ಮತ್ತೆ ಹೇಳಿದರು, ನಾನು ಎಲ್ಲವನ್ನೂ ಮಾಡಿದೆ. ಐದು ದಿನದಲ್ಲಿ ಹನ್ನೊಂದರಲ್ಲಿ ಎಂಟು ಹೋದವು. ಕೆಂಪಿ ನಾಲ್ಕನೇ ದಿನ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ.

ಮೊಮ್ಮಗಳು ಅಳಲಿಲ್ಲ. ಆ ರಾತ್ರಿ ನೋಟ್‌ಬುಕ್ ತೆಗೆದು ಕೆಂಪು ವೃತ್ತದ ಮೇಲೆ ಬೆರಳಿಟ್ಟು ಕೇಳಿದಳು. "ಅರಿಶಿನ ಅವತ್ತು ಕೆಲಸ ಮಾಡಿತ್ತಲ್ಲ ಅಜ್ಜಿ, ಇವತ್ತು ಯಾಕೆ ಮಾಡ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ದಿನಾ ವಾಕಿಂಗ್ ಹೋಗುವ ದಾರಿಯಲ್ಲೇ ಹೋಗಿ, ಮೊದಲ ಸಲ ಆ ಗೇಟಿನೊಳಗೆ ಕಾಲಿಟ್ಟೆ.

ಅಲ್ಲಿದ್ದ ಪಶುವೈದ್ಯೆ ನನ್ನ ಮಗಳಿಗಿಂತ ಚಿಕ್ಕವರು. ಪೂರ್ತಿ ಕೇಳಿಸಿಕೊಂಡರು. ಗದರಲಿಲ್ಲ. "ಅಮ್ಮ, ಈಗ ಬಂದಿರೋದು ಕೊಕ್ಕರೆ ರೋಗದ ಹಾಗೇ ಕಾಣುತ್ತೆ. ರಾಣಿಖೇತ್ ಅಂತಾರೆ" ಅಂದರು. ಸತ್ತ ಕೋಳಿಗಳನ್ನು ಚರಂಡಿಗೋ ತಿಪ್ಪೆಗೋ ಎಸೆಯದೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣಿಗೆ ತಾಗಿಸಬಾರದು, ನಮ್ಮ ಹಿತ್ತಲಲ್ಲಿ ಓಡಾಡಿದ ಚಪ್ಪಲಿಯಲ್ಲಿ ಬೇರೆಯವರ ಹಿತ್ತಲಿಗೆ ಹೋಗಲೇಬಾರದು ಎಂದು ಮೊದಲು ಹೇಳಿದರು. ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆಯೇ ಇಟ್ಟು ನೋಡಬೇಕಂತೆ. ನಾನು ಅರ್ಧ ಗಂಟೆಯೂ ಇಟ್ಟಿರಲಿಲ್ಲ.

ಆಮೇಲೆ ಮೊಮ್ಮಗಳ ಪ್ರಶ್ನೆ ಕೇಳಿದೆ. ಅವರು ಹೇಳಿದ್ದಿಷ್ಟು. ಕೆಂಪಿಗೆ ಬಂದಿದ್ದು ಸೊಳ್ಳೆಯಿಂದ ಹರಡುವ ಸಿಡುಬು. ಜುಟ್ಟಿನ ಮೇಲಷ್ಟೇ ಬಂದು, ಬಾಯಿಯೊಳಗೆ ಇಳಿಯದಿದ್ದರೆ ಅದು ಮೂರು ನಾಲ್ಕು ವಾರದಲ್ಲಿ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಅರಿಶಿನ ಬೇವು ಹಚ್ಚಿದ್ದು ತಪ್ಪಲ್ಲ, ಹುಣ್ಣಿನ ಮೇಲೆ ನೊಣ ಕೂರಲಿಲ್ಲ, ಕೀವಾಗಲಿಲ್ಲ. ಆದರೆ ಹಚ್ಚದಿದ್ದರೂ ಹಕ್ಕಳೆ ಉದುರುತ್ತಿತ್ತು. ಸುಣ್ಣ ಹಚ್ಚಿದವರ ಮನೆಯಲ್ಲೂ ಉದುರುತ್ತದೆ, ದೃಷ್ಟಿ ತೆಗೆದವರ ಮನೆಯಲ್ಲೂ ಉದುರುತ್ತದೆ. ಪ್ರತಿಯೊಬ್ಬರೂ ತಮ್ಮ ಮದ್ದಿನಿಂದಲೇ ಎಂದು ಆಣೆ ಮಾಡಿ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕೊಕ್ಕರೆ ರೋಗ ಹಾಗಲ್ಲ. ಅದು ಬಂದ ಮೇಲೆ ಅರಿಶಿನವೂ ಇಲ್ಲ, ಇಂಗ್ಲಿಷ್ ಔಷಧಿಯೂ ಇಲ್ಲ. ಬರುವ ಮೊದಲು ಲಸಿಕೆ, ಅಷ್ಟೇ.

ಅಕ್ಕನ ಬೂದಿ ಗುಂಡಿಗೆ ಅವರು ಪೂರ್ತಿ ಅಂಕ ಕೊಟ್ಟರು. ಧೂಳು ಸ್ನಾನ ಹೇನಿಗೆ ನಿಜವಾದ ಮದ್ದು. ಲಕ್ಕಿ ಸೊಪ್ಪಿಗೂ ಅಡ್ಡಿಯಿಲ್ಲ. ಮೊಳೆಯ ನೀರಿಗೆ ನಕ್ಕು ಸುಮ್ಮನಾದರು. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ ಹಿತ್ತಲಿಗೆ ಎಸೆಯುತ್ತೀರಾ ಎಂದು ಅವರೇ ಕೇಳಿ, ಅದು ಹಕ್ಕಿಗಳಿಗೆ ವಿಷ ಅಂದರು. ನಮ್ಮ ಬೀದಿಯ ಯಾರ ಪಟ್ಟಿಯಲ್ಲೂ ಅದು ಇರಲಿಲ್ಲ.

ರಾಣಿಖೇತ್ ಎಂಬುದು ಹಿಮಾಲಯದ ಮಡಿಲಿನ ಒಂದು ಚೆಂದದ ಊರು. ಈ ರೋಗವನ್ನು 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದರು. ಮರುವರ್ಷ ನಮ್ಮ ದೇಶದಲ್ಲಿ ಗುರುತಿಸಿದ್ದು ರಾಣಿಖೇತ್‌ನಲ್ಲಿ. ಹಾಗಾಗಿ ಆ ಊರಿನ ಹೆಸರು ರೋಗಕ್ಕೆ ಅಂಟಿಕೊಂಡಿತು, ಪಾಪ. ಅದೇ ಬೆಟ್ಟದ ಸಾಲಿನಲ್ಲಿ ಮುಕ್ತೇಶ್ವರ ಅಂತ ಇನ್ನೊಂದು ಊರಿದೆ. 1893ರಲ್ಲಿ ಪುಣೆಯಿಂದ ಅಲ್ಲಿಗೆ ಹೋದ ಪಶುವೈದ್ಯ ಪ್ರಯೋಗಾಲಯದಲ್ಲಿ ಮುಂದೆ ಈ ರೋಗದ ಲಸಿಕೆಯೂ ತಯಾರಾಯಿತು. ಬೆಳೆದ ಕೋಳಿಗೆ ಕೊಡುವ ಸೂಜಿಮದ್ದಿಗೆ ಈಗಲೂ ಮುಕ್ತೇಶ್ವರದ ಹೆಸರಿದೆ. ಕಾಯಿಲೆಗೆ ಒಂದು ಊರಿನ ಹೆಸರು, ಮದ್ದಿಗೆ ಪಕ್ಕದೂರಿನ ಹೆಸರು. ಮೊಮ್ಮಗಳು ಅಟ್ಲಾಸಿನಲ್ಲಿ ಎರಡನ್ನೂ ಹುಡುಕಿ ಗುರುತು ಹಾಕಿಟ್ಟಿದ್ದಾಳೆ.

"ಹಾಗಾದ್ರೆ ನಮ್ಮ ಬೀದಿಯ ಬೇರೆ ಕೋಳಿಗಳಿಗೆ ಕೊಡಿ" ಅಂದೆ. ತೊಡಕು ಇದ್ದದ್ದು ಅಲ್ಲಿ. ಲಸಿಕೆಯ ಒಂದು ಸೀಸೆ 100 ಕೋಳಿಗೆ. ತಣ್ಣಗೆ ಇಟ್ಟಿರಬೇಕು. ಒಮ್ಮೆ ನೀರು ಬೆರೆಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದು ಕೆಲಸಕ್ಕೆ ಬಾರದು. ಹಿತ್ತಲಲ್ಲಿ ನಾಲ್ಕು, ಆರು ಕೋಳಿ ಇರುವವರು ಒಬ್ಬೊಬ್ಬರೇ ಬಂದರೆ ಪ್ರತಿಯೊಬ್ಬರಿಗೂ ಸೀಸೆ ಒಡೆಯಲಾಗುವುದಿಲ್ಲ. "ಎಲ್ಲರನ್ನೂ ಒಟ್ಟು ಮಾಡಿ ಅಮ್ಮ. ಒಂದೇ ದಿನ ಮುಗಿಸೋಣ. ತಡ ಮಾಡ್ಬೇಡಿ."

ಕಾಯಿಲೆ ಬಂದ ಮನೆಯವರು ನಾವು. ಬೇರೆಯವರ ಹಿತ್ತಲಿಗೆ ಕಾಲಿಡುವಂತಿಲ್ಲ. ಮೊಮ್ಮಗಳು ಚಪ್ಪಲಿ ತೊಳೆದು ಹಾಕಿಕೊಂಡು, ಪ್ರತಿ ಗೇಟಿನ ಹೊರಗೇ ನಿಂತು ಕೂಗಿ ಕೇಳಿ ಲೆಕ್ಕ ಬರೆದುಕೊಂಡಳು. ಎರಡು ಬೀದಿ, ಹದಿಮೂರು ಮನೆ, 71 ಕೋಳಿ. ಎಡಗಡೆ ಮನೆಯವರು ಮಾತ್ರ ಒಪ್ಪಲಿಲ್ಲ. ಲಸಿಕೆ ಹಾಕಿಸಿದರೆ ಮೊಟ್ಟೆ ನಿಲ್ಲುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಮುಖವೆಲ್ಲಿ? ಹದಿನೈದು ದಿನದ ಹಿಂದೆ ನಾನೂ ಬೀದಿಗೆಲ್ಲಾ ಹೇಳುತ್ತಿದ್ದವಳೇ.

ಗುರುವಾರ ಬೆಳಗಿನ ಜಾವ ಆರಕ್ಕೆ ಕೆಲಸ ಶುರು. ಒಡ್ಡಿಯ ಬಾಗಿಲು ತೆಗೆಯುವ ಮೊದಲೇ ಹಿಡಿದರೆ ಸುಲಭ. ತೆಗೆದ ಮೇಲೆ ಬ್ರಹ್ಮನಿಗೂ ಆಗದು. ಕಾಫಿ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಅದರೊಳಗೆ ಸೀಸೆ. ಹಿಂದಿನ ಬೀದಿಯ ಹೈಸ್ಕೂಲು ಹುಡುಗ ಅದನ್ನು ದೇವರ ಪಲ್ಲಕ್ಕಿಯ ಹಾಗೆ ಎದೆಗವಚಿಕೊಂಡು ಮನೆಯಿಂದ ಮನೆಗೆ ನಡೆದ. ಒಬ್ಬರು ಕೋಳಿಯನ್ನು ಕಂಕುಳಲ್ಲಿ ಹಿಡಿಯುವುದು, ಲಸಿಕೆ ಹಾಕುವವರು ಕಣ್ಣಿಗೆ ಒಂದೇ ಒಂದು ಹನಿ ಬಿಡುವುದು, ಕೋಳಿ ರೆಪ್ಪೆ ಬಡಿಯುವ ತನಕ ಕಾಯುವುದು, ಬಿಡುವುದು. ಎದುರು ಮನೆಯ ಹುಂಜ ತಪ್ಪಿಸಿಕೊಂಡು ತಾರಸಿ ಹತ್ತಿ ಅಲ್ಲಿಂದಲೇ ಕೂಗಿತು. ಅದನ್ನು ಇಳಿಸಲು ಹತ್ತು ನಿಮಿಷ ಹೋಯಿತು. ಮೊಮ್ಮಗಳು ಗೇಟಿನಾಚೆ ನಿಂತು ಗಡಿಯಾರ ನೋಡುತ್ತಾ ಲೆಕ್ಕ ಕೂಗುತ್ತಿದ್ದಳು. 71 ಮುಗಿಯುವ ಹೊತ್ತಿಗೆ ಎಡಗಡೆ ಮನೆಯಾಕೆ ತಮ್ಮ ಬಾಗಿಲಲ್ಲಿ ಬಂದು ನಿಂತು, "ಇನ್ನೂ ಉಳಿದಿದೆಯಾ?" ಅಂದರು. ಅವರದ್ದು ಆರು. 77.

ಕೊನೆಗೆ ನಮ್ಮ ಮನೆ. ಬದುಕಿ ಉಳಿದ ಮೂರು ಕೋಳಿಗಳನ್ನು ದೂರದಿಂದಲೇ ನೋಡಿ, "ಇವು ರೋಗ ಗೆದ್ದವು, ಇವಕ್ಕೆ ಈಗ ಬೇಡ" ಅಂದರು.

ಅಕ್ಕನಿಗೆ ಹೇಳುವುದು ಹೇಗೆ ಎಂಬುದೇ ಆಮೇಲಿನ ಚಿಂತೆ. ರೋಗ ಬಂದದ್ದು ಅವಳು ಪ್ರೀತಿಯಿಂದ ಕೊಟ್ಟ ಚೀಲದಲ್ಲಿ. ಫೋನಿನಲ್ಲಿ ಎರಡು ಸಲ "ಎಲ್ಲಾ ಚೆನ್ನಾಗಿವೆ" ಎಂದು ಸುಳ್ಳು ಹೇಳಿದ್ದೆ. ಮೂರನೇ ಸಲ ಭದ್ರಾವತಿಯ ಬಸ್ ಹತ್ತಿದಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗಿ ಹಿತ್ತಲು ನೋಡಿದರೆ ಬೂದಿ ಗುಂಡಿಯಲ್ಲಿ ಒಂದು ಕೋಳಿಯೂ ಇಲ್ಲ. ಅಕ್ಕ ತಲೆ ತಗ್ಗಿಸಿ, "ಹದಿನಾಲ್ಕು ಹೋದ್ವು ಕಣೇ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ" ಅಂದಳು. ಅವಳೂ ಫೋನಿನಲ್ಲಿ ಅದನ್ನೇ ಹೇಳಿದ್ದಳು, ಎಲ್ಲಾ ಚೆನ್ನಾಗಿವೆ ಅಂತ. ಇಬ್ಬರೂ ಕೆಂಪಿಯ ಬಗ್ಗೆ ಮಾತಾಡಿದೆವು, ಅವಳ ಹಳೇ ಹುಂಜದ ಬಗ್ಗೆ ಮಾತಾಡಿದೆವು. ಕಾಫಿ ಆರಿತು.

ಸೌದೆ ಕೊಟ್ಟಿಗೆಯಲ್ಲಿ ಬೇರೆಯಾಗಿ ಕಾವಿಗೆ ಕೂತಿದ್ದ ಹೇಂಟೆ ಮಾತ್ರ ಉಳಿದಿತ್ತು. ಇಪ್ಪತ್ತೊಂದನೇ ದಿನಕ್ಕೆ ಸರಿಯಾಗಿ ಹನ್ನೊಂದು ಮೊಟ್ಟೆಯಲ್ಲಿ ಒಂಬತ್ತು ಒಡೆದು ಮರಿ ಬಂದಿದ್ದವು. ಮೊಮ್ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಮರಿಗೆ ಮೊದಲ ವಾರದಲ್ಲೇ ಕಣ್ಣಿಗೆ ಹನಿ, ಎರಡು ತಿಂಗಳ ಹೊತ್ತಿಗೆ ಸೂಜಿ ಎಂದು ದೊಡ್ಡಜ್ಜಿಗೆ ಓದಿ ಹೇಳಿದಳು. ಹಳೇನಗರದಲ್ಲಿ ಯಾರ್‍ಯಾರ ಮನೆಯಲ್ಲಿ ಕೋಳಿ ಉಳಿದಿವೆ ಎಂದು ಅಕ್ಕ ಬೆರಳು ಮಡಿಸಿ ಎಣಿಸತೊಡಗಿದಳು.

ಭಾವ ಕನ್ನಡಕ ಏರಿಸಿ ಪುಸ್ತಕಕ್ಕೆ ಬಗ್ಗಿದರು. ಅದರಲ್ಲಿ ಈಗ ಮೂರನೇ ಗೆರೆ ಬಂದಿತ್ತು, ತಲೆಬರಹ "ಸುಮ್ಮನಿದ್ದರೂ ಆಗುತ್ತಿತ್ತಾ?" ಎಂದು. "ಗುಡುಗಿತ್ತು ಪುಟ್ಟಿ, ಎರಡು ಸಲ. ಆದ್ರೂ ಒಂಬತ್ತು ಮರಿ. ನನ್ನ ಬೋಲ್ಟಿನ ಮುಂದೆ ಏನು ಬರೆದೆ?" ಅಂದರು.

"ಇನ್ನೂ ಬರೆದಿಲ್ಲ ತಾತ. ಮುಂದಿನ ಸಲ ಬೋಲ್ಟ್ ಇಡದೆ ಕೂರಿಸಿ ನೋಡ್ಬೇಕು."

ಭಾವ ಬುಟ್ಟಿಯಿಂದ ಬೋಲ್ಟು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, "ಅದಕ್ಕೇನಂತೆ, ನೋಡು" ಎಂದು ಜೇಬಿಗೆ ಹಾಕಿಕೊಂಡರು.